ಫ್ರೆಂಚ್ ರಾಕ್ಸ್‌ಗೆ ಬಂದ ಲಕೋಟೆ

ನಮ್ಮ ಮನೆಯ ಹಳೆಯ ಮರದ ಪೆಟ್ಟಿಗೆಯಲ್ಲಿ ಒಂದು ಲಕೋಟೆಯಿದೆ. ವಿಳಾಸದ ಕೊನೆಯಲ್ಲಿ ‘ಫ್ರೆಂಚ್ ರಾಕ್ಸ್, ಮೈಸೂರು ಸಂಸ್ಥಾನ’ ಎಂದು ಬೆರಳಚ್ಚು ಮಾಡಿದೆ. ಇಂದಿನ ಪಾಂಡವಪುರಕ್ಕೆ ಅಂದು ಅಂಚೆಯಲ್ಲಿಯೂ ರೈಲಿನಲ್ಲಿಯೂ ಅದೇ ಹೆಸರು. ಹೈದರ್ ಮತ್ತು ಟಿಪ್ಪುವಿನ ಪಕ್ಷದ ಫ್ರೆಂಚ್ ಸಿಪಾಯಿಗಳು ಅಲ್ಲಿಯ ಬಂಡೆಗಳ ಬಳಿ ಬೀಡುಬಿಟ್ಟಿದ್ದುದರಿಂದ ಬಂದ ಹೆಸರದು. ಲಕೋಟೆ ಹೊರಟದ್ದು ಅಮೆರಿಕದ ಕಲ್ವರ್ ಸಿಟಿಯಲ್ಲಿದ್ದ ಮೆಟ್ರೋ ಗೋಲ್ಡ್‌ವಿನ್ ಮೇಯರ್ ಸ್ಟುಡಿಯೋದಿಂದ, ವರ್ಷ 1936. ಒಳಗಿರುವುದು ಜೀನ್ ಹಾರ್ಲೋ ಎಂಬ ನಟಿಯ ಭಾವಚಿತ್ರ. ಕೆಳಗೆ ಮಸಿಯಲ್ಲಿ ಆಕೆಯ ರುಜು.

ತರಿಸಿಕೊಂಡವರು ನಮ್ಮ ದೊಡ್ಡಪ್ಪ. ಆಗ ಅವರು ಮೈಸೂರಿನಲ್ಲಿ ಓದುತ್ತಿದ್ದರು. ಕಾರಾಪುರದ ಮಾವುತರ ಹುಡುಗ ಸಾಬು ಇಂಗ್ಲಿಷರ ‘ಎಲಿಫೆಂಟ್ ಬಾಯ್’ ಚಿತ್ರಕ್ಕೆ ಆಯ್ಕೆಯಾದ ಕಾಲವದು. ಚಿತ್ರ ತೆರೆಕಂಡದ್ದು 1937ರಲ್ಲಿ. ಮುಂದೆ ಆ ಹುಡುಗ ಹಾಲಿವುಡ್ಡನ್ನೇ ಸೇರಿದ. “ನಮ್ಮ ಕಾಡಿನ ಹುಡುಗ ಕಡಲು ದಾಟಿ ಹೋಗಬಹುದಾದರೆ ನನ್ನ ಕಾಗದ ಹೋಗಬಾರದೇನಯ್ಯಾ?” ಎಂದು ದೊಡ್ಡಪ್ಪ ನಗುತ್ತಿದ್ದರು. ಉತ್ತರ ಬಂದ ಮರುವರ್ಷ, 26ನೆಯ ವಯಸ್ಸಿನಲ್ಲಿ, ಹಾರ್ಲೋ ತೀರಿಕೊಂಡಳು. ಅರ್ಧಕ್ಕೆ ನಿಂತ ಅವಳ ಕೊನೆಯ ಚಿತ್ರವನ್ನು ಬೇರೊಬ್ಬಳನ್ನು ಮುಖ ಕಾಣದಂತೆ ನಿಲ್ಲಿಸಿ ಮುಗಿಸಿದರಂತೆ. ಅಂದಿನಿಂದ ಆ ಚಿತ್ರಪಟ ನಮ್ಮ ಮನೆಯಲ್ಲಿ ಒಂದು ನಿಧಿ.

ರುಜುಗಳ ಸಂಗ್ರಹ ಮಾಡುವವರಿಗೆ ಮೊದಲು ಕಲಿಯಬೇಕಾದದ್ದು ಅನುಮಾನ. ಎರಡು ಚಿತ್ರಗಳ ಮೇಲಿನ ರುಜು ಗೆರೆಗೆ ಗೆರೆ ಒಂದೇ ಆಗಿದ್ದರೆ ಅದು ಮುದ್ರೆಯೋ ಅಚ್ಚೋ ಸರಿ. ಮನುಷ್ಯನ ಕೈ ಎರಡು ಸಲ ಒಂದೇ ತೆರನಾಗಿ ಬರೆಯಲಾರದು. ನಮ್ಮ ಚಿತ್ರದ ಮೇಲೆ ಭೂತಗನ್ನಡಿ ಹಿಡಿದರೆ ಮಸಿ ನುಣುಪಾದ ಕಾಗದದ ಮೇಲೆ ನಿಂತಿರುವುದೂ, ಒಂದೆಡೆ ದಟ್ಟವಾಗಿ ಇನ್ನೊಂದೆಡೆ ತೆಳುವಾಗಿರುವುದೂ ಕಾಣುತ್ತದೆ. ಲೇಖನಿಯ ಬರಹವೇ ಸರಿ. ಆದರೆ ಯಾರ ಲೇಖನಿ? ಹಾರ್ಲೋಳ ಅಭಿಮಾನಿಗಳಿಗೆ ಹೋದ ಚಿತ್ರಗಳಲ್ಲಿ ಬಹುಪಾಲಿಗೆ ರುಜು ಹಾಕುತ್ತಿದ್ದವಳು ಅವಳ ತಾಯಿ ಎಂಬುದು ಈ ವಿಷಯ ಬಲ್ಲವರೆಲ್ಲ ಒಪ್ಪಿದ ಸಂಗತಿ. ಇದನ್ನು ನಾನು ಓದಿ ತಿಳಿದದ್ದು ನಿವೃತ್ತನಾದ ಮೇಲೆ. ಆ ದಿನ ಊಟ ರುಚಿಸಲಿಲ್ಲವೆಂದರೆ ನೀವು ನಗಬಹುದು.

ಮುಂದೆ ಓದಿದಾಗ ಇನ್ನೊಂದು ವಿಷಯ ತಿಳಿಯಿತು. ನಟಿಯ ಹುಟ್ಟುಹೆಸರು ಹಾರ್ಲೀನ್ ಕಾರ್ಪೆಂಟರ್. ಜೀನ್ ಹಾರ್ಲೋ ಎಂಬುದು ತಾಯಿಯ ತವರಿನ ಹೆಸರು. ಮಗಳು ಚಿತ್ರರಂಗಕ್ಕೆ ಬಂದಾಗ ಅದನ್ನು ತೊಟ್ಟುಕೊಂಡಳು. ಹಾಗಾದರೆ ಆ ತಾಯಿ ಬರೆದದ್ದು ಸುಳ್ಳು ರುಜುವೇ? ತನ್ನದೇ ಹೆಸರನ್ನಲ್ಲವೇ ಅವಳು ಬರೆದದ್ದು! ಪಂಪನ ಕೈಬರಹವನ್ನು ಕಂಡವರಿಲ್ಲ. ನಮಗೆ ದೊರೆತಿರುವುದೆಲ್ಲ ಲಿಪಿಕಾರರ ಓಲೆಗಳೇ ಎಂದು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ ನಾನು ಒಂದು ಚಿತ್ರಪಟದ ಮುಂದೆ ಅಷ್ಟು ಮಿಡುಕಬೇಕಾಗಿರಲಿಲ್ಲ.

ಮಿಡುಕಬೇಕಾದದ್ದು ಬೇರೆಯೇ ಇದೆ. ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಲಕೋಟೆಯ ಕೆಳಗೆ ಕನ್ನಡ ಚಿತ್ರಗಳ ಹಾಡಿನ ಪುಸ್ತಕಗಳ ಎರಡು ಕಟ್ಟುಗಳಿದ್ದವು. ಟೆಂಟ್ ಸಿನಿಮಾದ ಬಾಗಿಲಲ್ಲಿ ಮಾರುತ್ತಿದ್ದ ಕೆಲವೇ ಪುಟದ ಪುಸ್ತಕಗಳು: ಹೊದಿಕೆಯ ಮೇಲೆ ಪಂಢರಿಬಾಯಿಯ ಮುಖ, ಒಳಗೆ ಹಾಡು, ಕಥಾಸಾರ; ಕಥೆ ಕಾವೇರುವಲ್ಲಿ ‘ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ’. ದೊಡ್ಡಪ್ಪ ಓದು ಮುಗಿಸಿ ಮಾಸ್ತರರಾಗಿ ಕೃಷ್ಣರಾಜಪೇಟೆ, ನಾಗಮಂಗಲ, ಶ್ರೀರಂಗಪಟ್ಟಣಗಳಲ್ಲಿ ಇದ್ದವರು. ಪ್ರತಿ ಪುಸ್ತಕದ ಹಿಂದೆಯೂ ಪೆನ್ಸಿಲ್ಲಿನಲ್ಲಿ ಊರು, ತಾರೀಖು, ಜೊತೆಗಿದ್ದವರ ಹೆಸರು, ಮಳೆ ಬಂದು ಆಟ ನಿಂತದ್ದಿದ್ದರೆ ಅದೂ. 1981ರಲ್ಲಿ ನಾನು ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ. ರಜೆಗೆ ಬಂದವನು ಪೆಟ್ಟಿಗೆಯಲ್ಲಿ ನನ್ನ ಗ್ರಂಥಗಳಿಗೆ ಜಾಗ ಬೇಕೆಂದು ಆ ಎರಡೂ ಕಟ್ಟುಗಳನ್ನು ಹಳೆಯ ಕಾಗದದವನ ತಕ್ಕಡಿಗೆ ಹಾಕಿದೆ. ಹಾರ್ಲೋಳ ಚಿತ್ರವನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟೆ. ಕನ್ನಡದ ವಿದ್ಯಾರ್ಥಿಯ ವಿವೇಕ ಅದು!

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರದು. ತ್ರಿಪುರಾಂಬ ಅದರ ನಾಯಕಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಸುರುಳಿ ಹಾಳಾದ ಮೇಲೆ ಒಂದು ಚಿತ್ರಕ್ಕೆ ಸಾಕ್ಷಿಯಾಗುವುದು ಕರಪತ್ರ, ಜಾಹೀರಾತು, ಸ್ಥಿರಚಿತ್ರ, ಹಾಡಿನ ಪುಸ್ತಕಗಳೇ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದ ಮೇಲೆ ಅವರು ಸುರುಳಿಗಳ ಜೊತೆಗೆ ಇಂತಹ ಕಾಗದಗಳನ್ನೂ ಕೂಡಿಸುತ್ತ ಬಂದರು. ನನ್ನ ಎರಡು ಕಟ್ಟುಗಳಲ್ಲಿ ಸುಲೋಚನೆಯ ಪತ್ರವೊಂದು ಇದ್ದಿತೇ ಎಂದು ನಾನು ತಿರುವಿಯೂ ನೋಡಿರಲಿಲ್ಲ.

ಕೆಲವು ವರ್ಷಗಳ ಮೇಲೆ ದೊಡ್ಡಪ್ಪ ಹಾಸಿಗೆ ಹಿಡಿದರು. ಒಂದು ಸಂಜೆ ಕರೆದು, “ಬೇಡರ ಕಣ್ಣಪ್ಪನ ಪುಸ್ತಕ ತಗೊಂಡು ಬಾರಯ್ಯ. ನಾಗಮಂಗಲದ ಟೆಂಟಿನಲ್ಲಿ ನಿಮ್ಮ ದೊಡ್ಡಮ್ಮನ ಜೊತೆ ನೋಡಿದ್ದು. ತಾರೀಖು ಮರೆತುಹೋಗಿದೆ” ಎಂದರು. ದೊಡ್ಡಮ್ಮ ತೀರಿಕೊಂಡು ಆಗ ಬಹಳ ವರ್ಷವಾಗಿತ್ತು. “ಹುಡುಕಿ ತರ್ತೀನಿ ದೊಡ್ಡಪ್ಪ” ಎಂದೆ. ಒಳಗೆ ಹೋಗಿ ಪೆಟ್ಟಿಗೆ ತೆರೆದೆ. ಸದ್ದು ಅವರಿಗೆ ಕೇಳಲೆಂದು ಒಂದಷ್ಟು ಹೊತ್ತು ಕಾಗದ ಸರಿಸುತ್ತ ಕುಳಿತು, ಕೊನೆಗೆ ಹಾರ್ಲೋಳ ಚಿತ್ರವನ್ನೇ ತಂದು ಅವರ ಕೈಯಲ್ಲಿಟ್ಟೆ. ಅವರು ಅದನ್ನು ಒಮ್ಮೆ ನೋಡಿ, ಮಗುಚಿ ಹಿಂಬದಿಯನ್ನೂ ನೋಡಿದರು. ಅಲ್ಲಿ ಪೆನ್ಸಿಲ್ಲಿನ ಬರಹವಿರಲಿಲ್ಲ. ಏನೂ ಹೇಳದೆ ನನಗೆ ಹಿಂದಿರುಗಿಸಿದರು.