ಪತ್ಮೋಸ್ ಬೆಟ್ಟದ ಕಲ್ಲುದಾರಿ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಈ ತಿಂಗಳ ಗೋಷ್ಠಿಯಲ್ಲಿ ಪ್ರವಾಸದ ಅನುಭವ ಹೇಳಬೇಕೆಂದು ಪೂಜ್ಯರ ಅಪ್ಪಣೆಯಾಯಿತು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು. ದೇಶ ಸುತ್ತಿದ್ದೆಲ್ಲ ಕರಿಹಲಗೆಗೆ ತೂಗುಹಾಕಿದ ನಕಾಶೆಯ ಮೇಲೆಯೇ. ನಿವೃತ್ತಿಯಾದ ಮೇಲೆ ಜರ್ಮನಿಯಲ್ಲಿರುವ ಮಗ, ಸೊಸೆ ಕರೆಸಿಕೊಂಡು ಹತ್ತು ದಿನ ಗ್ರೀಸ್ ತೋರಿಸಿದರು. ಅಥೆನ್ಸಿನ ದೊಡ್ಡ ಗುಡಿಯ ಚಿತ್ರವನ್ನು ತಾವೆಲ್ಲ ಪುಸ್ತಕದಲ್ಲಿ ನೋಡಿದ್ದೀರಿ, ಅದರ ವರ್ಣನೆ ಬೇಡ. ಒಂದು ಸಣ್ಣ ದ್ವೀಪದಲ್ಲಿ, ಬಂದರಿನ ಪೇಟೆಯಿಂದ ಬೆಟ್ಟದ ಮೇಲಿನ ಮಠಕ್ಕೆ ನಡೆದುಹೋದ ದಾರಿಯೊಂದನ್ನೇ ಹೇಳುತ್ತೇನೆ. ಮುಕ್ಕಾಲು ಗಂಟೆಯ ದಾರಿ ಅದು. ನನ್ನ ಮೊಣಕಾಲಿನ ದೆಸೆಯಿಂದ ನಮಗೆ ಒಂದೂವರೆ ಗಂಟೆ ಹಿಡಿಯಿತು.

ದ್ವೀಪದ ಹೆಸರು ಪತ್ಮೋಸ್. ಏಜಿಯನ್ ಸಮುದ್ರದಲ್ಲಿ, ಟರ್ಕಿಯ ದಡಕ್ಕೆ ಹತ್ತಿರದಲ್ಲಿದೆ. ಎಲ್ಲ ಸೇರಿ 34 ಚದರ ಕಿಲೋಮೀಟರ್ ನೆಲ, ಸುಮಾರು ಮೂರು ಸಾವಿರ ಜನ. ವಿಮಾನ ಇಳಿಯುವ ಜಾಗವಿಲ್ಲ. ಅಥೆನ್ಸಿನ ಬಂದರಾದ ಪಿರೇಯಸ್ಸಿನಲ್ಲಿ ಹಡಗು ಹತ್ತಿದರೆ ಏಳೆಂಟು ತಾಸಿನ ಪಯಣ. ಹಡಗು ನಿಲ್ಲುವ ಪೇಟೆ ಸ್ಕಾಲಾ. ಅಲ್ಲಿ ನಿಂತು ತಲೆ ಎತ್ತಿದರೆ ಬೆಟ್ಟದ ನೆತ್ತಿಯ ಮೇಲೆ ಬಿಳೀ ಮನೆಗಳ ಒಂದು ಊರು, ಆ ಊರಿನ ನಡುವೆ ಬೂದು ಬಣ್ಣದ ಒಂದು ಕೋಟೆ. ನಾನು ಅದನ್ನು ಯಾವುದೋ ರಾಜನ ಕೋಟೆ ಎಂದುಕೊಂಡೆ. ಮಗ ನಕ್ಕು, "ಅವ್ವಾ, ಅದೇ ಮಠ" ಅಂದ. ಊರಿನ ಹೆಸರು ಖೋರಾ. ಸಂತ ಯೋಹಾನನ ಮಠ ಅದು. ಊರು, ಮಠ, ದಾರಿಯ ನಡುವಿನ ಗವಿ, ಈ ಮೂರನ್ನೂ 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೇಲಿನ ತನಕ ಡಾಂಬರು ರಸ್ತೆ ಇದೆ, ಬಸ್ಸೂ ಹೋಗುತ್ತದೆ. ಆದರೆ ಸೊಸೆಗೆ ಹಳೇ ಕಾಲುದಾರಿಯಲ್ಲೇ ಹೋಗಬೇಕೆಂಬ ಹಟ. ಉರುಟು ಕಲ್ಲು ಹಾಸಿದ, ಎರಡು ಹೇಸರಗತ್ತೆ ಒಂದರ ಪಕ್ಕ ಒಂದು ಹೋಗುವಷ್ಟು ಅಗಲದ ದಾರಿ. ಶತಮಾನಗಳಿಂದ ಜನ ತುಳಿದು ಕಲ್ಲುಗಳು ನುಣ್ಣಗಾಗಿವೆ, ಚಪ್ಪಲಿ ಜಾರುತ್ತದೆ. ಬೆಳಗಿನ ಎಂಟು ಗಂಟೆಗೆ ಹೊರಟೆವು. ಡಾಂಬರು ರಸ್ತೆ ಬಳಸಿ ಬಳಸಿ ಏರುತ್ತದೆ, ಈ ದಾರಿ ಅದನ್ನು ಕತ್ತರಿಸಿಕೊಂಡು ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಮೊದಲು ಮನೆಗಳ ಹಿತ್ತಿಲು, ಆಮೇಲೆ ದೇವದಾರಿನ ಜಾತಿಯ ಮರಗಳ ನೆರಳು. ಆ ಮರಗಳ ಅಂಟಿನ ವಾಸನೆ ಬಿಸಿಲಿಗೆ ಏಳುತ್ತಿತ್ತು. ಹಿಂದೆ ತಿರುಗಿದಾಗಲೆಲ್ಲ ಸಮುದ್ರ ಇನ್ನಷ್ಟು ಅಗಲವಾಗಿ ಕಾಣುತ್ತಿತ್ತು. ನಾನು ಹಿಂದೆ ತಿರುಗುತ್ತಿದ್ದದ್ದು ಸಮುದ್ರ ನೋಡಲಿಕ್ಕಲ್ಲ, ಉಸಿರು ಸುಧಾರಿಸಿಕೊಳ್ಳಲಿಕ್ಕೆ.

ಅರ್ಧ ದಾರಿಯಲ್ಲಿ ಆ ಗವಿ. ಕ್ರೈಸ್ತರ ಧರ್ಮಗ್ರಂಥದ ಕೊನೆಯ ಪುಸ್ತಕ 'ಪ್ರಕಟನೆ'. ಅದನ್ನು ಕಂಡು ಹೇಳಿದ ಯೋಹಾನ ತಾನು ಪತ್ಮೋಸ್ ದ್ವೀಪದಲ್ಲಿದ್ದೆನೆಂದು ಅದರಲ್ಲೇ ತಿಳಿಸುತ್ತಾನೆ. ರೋಮಿನ ಚಕ್ರವರ್ತಿ ಡೊಮಿಷಿಯನ್ ಅವನನ್ನು ಇಲ್ಲಿಗೆ ಗಡೀಪಾರು ಮಾಡಿದ, ಕ್ರಿ.ಶ. 95ರ ಸುಮಾರಿಗೆ ಈ ಗವಿಯಲ್ಲಿ ಅವನಿಗೆ ದರ್ಶನವಾಯಿತು ಎಂಬುದು ಅಲ್ಲಿಯವರ ನಂಬಿಕೆ. ಅವನೇ ಯೇಸುವಿನ ಶಿಷ್ಯ ಯೋಹಾನನೋ ಅಥವಾ ಅದೇ ಹೆಸರಿನ ಇನ್ನೊಬ್ಬನೋ ಎಂದು ವಿದ್ವಾಂಸರು ಚರ್ಚೆ ಮಾಡುತ್ತಲೇ ಇದ್ದಾರೆ. ಗವಿಗೆ ಮೆಟ್ಟಿಲಿಳಿದು ಹೋಗಬೇಕು. ಒಳಗೆ ತಂಪು, ಕತ್ತಲು, ಎಣ್ಣೆ ದೀಪದ ಬೆಳಕು. ಮುದುಕನಾದ ಯೋಹಾನ ತಲೆಯಿಟ್ಟು ಮಲಗುತ್ತಿದ್ದ ಕುಳಿ ಇದು, ಏಳುವಾಗ ಕೈಯೂರುತ್ತಿದ್ದ ಗುಣಿ ಅದು ಎಂದು ಬಂಡೆಯಲ್ಲಿ ಬೆಳ್ಳಿಯ ಕಟ್ಟು ಹಾಕಿ ತೋರಿಸುತ್ತಾರೆ. ಅವನು ಹೇಳಿದ್ದನ್ನು ಪ್ರೊಖೊರಸ್ ಎಂಬ ಶಿಷ್ಯ ಬರೆದುಕೊಂಡನಂತೆ. ಕಲ್ಲಿನ ಕುಳಿಗೆ ಮುತ್ತಿಡಲು ಸಾಲು ನಿಂತಿದ್ದವರನ್ನು ನೋಡಿ ನನಗೆ ವಿಶೇಷವೇನೂ ಅನ್ನಿಸಲಿಲ್ಲ, ನಿಜ ಹೇಳುತ್ತೇನೆ. ಆದರೆ ಏಳಲಾರದ ಮುದುಕನೊಬ್ಬ ಬಂಡೆಗೆ ಕೈಯೂರಿದ ಎಂಬ ಮಾತು, ಆ ಹೊತ್ತಿನಲ್ಲಿ ನನ್ನ ಮೊಣಕಾಲಿಗೆ ಚೆನ್ನಾಗಿ ಅರ್ಥವಾಯಿತು.

ಗವಿಯಿಂದ ಮೇಲೆ ಏರು ಇನ್ನೂ ಕಡಿದು. ಒಂದು ಕಟ್ಟೆಯ ಮೇಲೆ ಕೂತು ಮಗ ಕೊಂಡಿದ್ದ ಪುಸ್ತಕ ಓದಿದೆ. ಮಠ ಕಟ್ಟಿದವನ ಕಥೆ ಅಲ್ಲಿ ಸಿಕ್ಕಿತು. ಈ ಭಾಷಣಕ್ಕೆ ಒಪ್ಪಿಕೊಂಡದ್ದೂ ಆ ಕಥೆಗಾಗಿಯೇ.

ಅವನ ಹೆಸರು ಕ್ರಿಸ್ತೊದುಲೊಸ್. ಹಾಗೆಂದರೆ ಕ್ರಿಸ್ತನ ದಾಸ. ಊರಿಂದೂರಿಗೆ ಅಲೆದ ಸನ್ಯಾಸಿ, ಪುಸ್ತಕಪ್ರೇಮಿ, ಹಟಮಾರಿ. ಎಲ್ಲಿಗೆ ಹೋದರೂ ಒಂದೋ ತುರ್ಕರ ದಾಳಿ, ಇಲ್ಲವೇ ಸಂಸಾರಿಗಳ ಗದ್ದಲ. ಕೋಸ್ ದ್ವೀಪದಲ್ಲಿದ್ದ ಮಠದ ಭೂಮಿಯನ್ನೆಲ್ಲ ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಜನರಿಲ್ಲದ ಪತ್ಮೋಸ್ ಬೇಕೆಂದು ಕೇಳಿದ. 1088ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿ ಒಂದನೆಯ ಅಲೆಕ್ಸಿಯೊಸ್ ಇಡೀ ದ್ವೀಪವನ್ನೇ ಅವನಿಗೆ ತೆರಿಗೆಯಿಲ್ಲದೆ ಬರೆದುಕೊಟ್ಟ. ಆ ಕಾಲಕ್ಕೆ ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ, ಬಸವಣ್ಣನವರು ಇನ್ನೂ ಹುಟ್ಟಿರಲಿಲ್ಲ. ಆ ದಾನಪತ್ರ ಇವತ್ತಿಗೂ ಮಠದಲ್ಲಿದೆ, ಗಾಜಿನ ಒಳಗೆ ಇಟ್ಟಿದ್ದಾರೆ, ನೋಡಿ ಬಂದೆ.

ದಾನ ಸಿಕ್ಕ ಮೇಲೆ ಕ್ರಿಸ್ತೊದುಲೊಸ್ ಏನು ಮಾಡಿದ? ಬೆಟ್ಟದ ಮೇಲಿದ್ದ ಆರ್ತೆಮಿಸ್ ದೇವಿಯ ವಿಗ್ರಹ ಒಡೆಸಿದ. ಮಠಕ್ಕೆ ಕಟ್ಟಳೆ ಬರೆದ. ಈ ದ್ವೀಪದಲ್ಲಿ ಹೆಂಗಸರು ಇರಕೂಡದು, ಮಕ್ಕಳು ಇರಕೂಡದು, ಸಂಸಾರಿಗಳು ಇರಕೂಡದು. ಗ್ರೀಸಿನಲ್ಲೇ ಇರುವ ಆಥೋಸ್ ಪರ್ವತದ ಮಠಗಳಲ್ಲಿ ಇಂಥ ಕಟ್ಟಳೆ ಇವತ್ತಿಗೂ ನಡೆಯುತ್ತಿದೆ, ಹೆಣ್ಣು ಅಲ್ಲಿ ಕಾಲಿಡುವಂತಿಲ್ಲ. ಪತ್ಮೋಸಿನಲ್ಲಿ ಅದು ನಡೆಯಲಿಲ್ಲ. ಏಕೆ ನಡೆಯಲಿಲ್ಲ ಎಂಬುದನ್ನು ಸ್ವತಃ ಕ್ರಿಸ್ತೊದುಲೊಸನೇ ಬರೆದಿಟ್ಟಿದ್ದಾನೆ.

ಮಠಕ್ಕೆ ಗೋಡೆ ಬೇಕು. ಕಡಲುಗಳ್ಳರ ಕಾಲ, ಗೋಡೆ ದಪ್ಪಗಿರಬೇಕು, ಎತ್ತರವಿರಬೇಕು. ಕಲ್ಲು ಒಡೆಯುವವರು, ಹೊರುವವರು, ಸುಣ್ಣ ಸುಡುವವರು ಬೇಕು. ಸನ್ಯಾಸಿಗಳಿಂದ ಆಗುವ ಕೆಲಸವಲ್ಲ ಅದು. ಬೇರೆ ದ್ವೀಪಗಳಿಂದ ಕೆಲಸಗಾರರನ್ನು ಕರೆತಂದ. ಅವರು, ಹೆಂಡತಿ ಮಕ್ಕಳನ್ನು ಬಿಟ್ಟು ನಾವಿಲ್ಲಿ ಇರುವುದಿಲ್ಲ ಎಂದರು. ಅವರಿಗೆ ಯಾವ ಸಂಘವಿತ್ತು, ಯಾವ ಮುಖಂಡನಿದ್ದ? ಒಬ್ಬರ ಹೆಸರೂ ಉಳಿದಿಲ್ಲ. ಚಕ್ರವರ್ತಿಯಿಂದ ದ್ವೀಪವನ್ನೇ ಬರೆಸಿಕೊಂಡು ಬಂದ ಮನುಷ್ಯ ಈ ಕಲ್ಲುಕೆಲಸದವರ ಮುಂದೆ ಸೋತ. ದ್ವೀಪದ ಉತ್ತರದ ತುದಿಯಲ್ಲಿ ಸಂಸಾರ ಹೂಡಿಕೊಳ್ಳಿ, ಈ ಗೆರೆ ದಾಟಿ ನಿಮ್ಮ ಹೆಂಗಸರು ಈ ಕಡೆ ಬರಬಾರದು ಎಂದು ಒಪ್ಪಂದವಾಯಿತು. ಮುಂದೆ ಗೆರೆಯೂ ಉಳಿಯಲಿಲ್ಲ. ಕಳ್ಳರು ಬಂದಾಗ ಓಡಿ ಒಳಸೇರಲು ಅನುಕೂಲವೆಂದು ಜನ ಮಠದ ಗೋಡೆಗೇ ಒತ್ತಿಕೊಂಡು ಮನೆ ಕಟ್ಟಿಕೊಂಡರು. ಇವತ್ತು ಪ್ರಪಂಚದವರೆಲ್ಲ ಬಂದು ಚಿತ್ರ ತೆಗೆಯುವ ಖೋರಾ ಬೆಳೆದದ್ದು ಹಾಗೆ.

ಕಾಯಕದವನ ಮಾತಿಗೆ ಎಷ್ಟು ತೂಕವಿದೆ ಎಂದು ಈ ವೇದಿಕೆಯಲ್ಲಿ ನಾನು ಬಿಡಿಸಿ ಹೇಳಬೇಕಾಗಿಲ್ಲ. ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಕ್ರಿಸ್ತೊದುಲೊಸನಿಗೆ ಅರಮನೆಯಲ್ಲಿ ಬೆಂಬಲವಾಗಿ ನಿಂತವಳು ಚಕ್ರವರ್ತಿಯ ತಾಯಿ, ಅನ್ನಾ ದಲಸ್ಸಿನಿ. ಮಗ ಯುದ್ಧಕ್ಕೆ ಹೋದಾಗ ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಗಟ್ಟಿ ಹೆಂಗಸು. ಅವಳು ಹೊರಡಿಸಿದ ಆಜ್ಞೆಯೂ ಮಠದ ದಫ್ತರದಲ್ಲಿದೆ. ಅವಳ ಸಹಿ ಒಳಗಿರಬಹುದು, ಅವಳು ಇರುವಂತಿರಲಿಲ್ಲ!

ಅವನಾದರೂ ಆ ಮಠದಲ್ಲಿ ಸುಖವಾಗಿ ಇದ್ದನೇ ಎಂದರೆ ಅದೂ ಇಲ್ಲ. ಐದು ವರ್ಷ ತುಂಬುವುದರೊಳಗೆ ದಾಳಿಗೆ ಹೆದರಿ ಸನ್ಯಾಸಿಗಳ ಜೊತೆ ದ್ವೀಪ ಬಿಟ್ಟ. 1093ರಲ್ಲಿ ಯೂಬಿಯಾ ಎಂಬಲ್ಲಿ ತೀರಿಕೊಂಡ. ಶಿಷ್ಯರು ದೇಹವನ್ನು ಮರಳಿ ತಂದು ಮಠದಲ್ಲಿಟ್ಟರು.

ಹತ್ತೂವರೆ ಗಂಟೆಗೆ ಖೋರಾ ಸೇರಿದೆವು. ಓಣಿಗಳು ಎಷ್ಟು ಸಣ್ಣವೆಂದರೆ ಎರಡೂ ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುತ್ತದೆ. ಮಠದ ಗೋಡೆ 15 ಮೀಟರಿಗೂ ಹೆಚ್ಚು ಎತ್ತರ. ಹೆಬ್ಬಾಗಿಲ ನೆತ್ತಿಯ ಮೇಲೆ ಒಂದು ಕಿಂಡಿ. ಬಾಗಿಲು ಮುರಿಯಲು ಬಂದವರ ತಲೆಯ ಮೇಲೆ ಕುದಿಯುವ ಎಣ್ಣೆ ಸುರಿಯಲಿಕ್ಕಂತೆ. ಸಂತನ ಮನೆ ಬಾಗಿಲಿಗೆ ಎಣ್ಣೆಯ ಕಿಂಡಿ! ಬಾಗಿಲಲ್ಲಿ ಉಡುಪು ನೋಡಿ ಬಿಡುತ್ತಾರೆ. ಪ್ಯಾಂಟು ತೊಟ್ಟಿದ್ದ ಸೊಸೆಗೆ ಸುತ್ತಿಕೊಳ್ಳಲು ಒಂದು ಬಟ್ಟೆ ಕೊಟ್ಟರು. ನನ್ನ ಇಳಕಲ್ ಸೀರೆಯನ್ನು ನೋಡಿ ಕಾವಲಿನವನು ತಲೆಬಾಗಿ ಒಳಗೆ ಬಿಟ್ಟ. ಸೊಸೆಗೆ ಸಿಟ್ಟು ಬಂತು. "ಅತ್ತೀ, ನಿಮ್ಮನ್ನು ಬಿಟ್ಟದ್ದು ಸೀರೆ, ನೀವಲ್ಲ" ಅಂದಳು. ಆಗ ಸುಮ್ಮನಿರು ಅಂದೆ. ಈಗ ಯೋಚಿಸಿದರೆ ಅವಳು ಹೇಳಿದ್ದು ತಪ್ಪಲ್ಲ.

ಒಳಗಿನ ಗ್ರಂಥಾಲಯಕ್ಕೆ ಎಲ್ಲರಿಗೂ ಪ್ರವೇಶವಿಲ್ಲ. ಆಯ್ದ ಕೆಲವನ್ನು ಹೊರಗೆ ಗಾಜಿನಲ್ಲಿ ಇಟ್ಟಿದ್ದಾರೆ. ಸಾವಿರಕ್ಕೂ ಮೇಲ್ಪಟ್ಟು ಹಸ್ತಪ್ರತಿಗಳಿವೆ. 1200ರ ಇಸವಿಯಲ್ಲೇ ಪುಸ್ತಕಗಳ ಪಟ್ಟಿ ಮಾಡಿದ್ದಾರೆ. ಆಗ 330 ಇದ್ದವು, ಅದರಲ್ಲಿ 267 ಚರ್ಮದ ಹಾಳೆಯವು, 63 ಕಾಗದದವು ಎಂದು ವಿಂಗಡಿಸಿ ಬರೆದಿದ್ದಾರೆ! ನೇರಳೆ ಬಣ್ಣ ಕುಡಿಸಿದ ಚರ್ಮದ ಮೇಲೆ ಬೆಳ್ಳಿಯ ಮಸಿಯಲ್ಲಿ ಬರೆದ ಆರನೆಯ ಶತಮಾನದ ಒಂದು ಸುವಾರ್ತೆಯ ಗ್ರಂಥವಿದೆ. ಅದರ 33 ಹಾಳೆ ಮಾತ್ರ ಅಲ್ಲಿ ಉಳಿದಿವೆ. ಮಿಕ್ಕವು ಸೇಂಟ್ ಪೀಟರ್ಸ್‌ಬರ್ಗ್, ವ್ಯಾಟಿಕನ್, ಲಂಡನ್, ವಿಯೆನ್ನಾ ಎಂದು ಚದುರಿಹೋಗಿವೆ. ಇಷ್ಟು ಜೋಪಾನವಾಗಿ ಪಟ್ಟಿ ಮಾಡಿದ ಮಠದಲ್ಲೇ ಒಂದು ಕಾಲಕ್ಕೆ ಪುಸ್ತಕಗಳು ನೆಲದ ಮೇಲೆ ರಾಶಿ ಬಿದ್ದಿದ್ದವು. 1801ರಲ್ಲಿ ಕ್ಲಾರ್ಕ್ ಎಂಬ ಇಂಗ್ಲಿಷ್ ಪ್ರವಾಸಿ ಬಂದು ಆ ರಾಶಿಯನ್ನು ಕೆದಕಿದ. ಪ್ಲೇಟೋನ ಸಂವಾದಗಳ ಒಂದು ಪ್ರತಿ ಸಿಕ್ಕಿತು, 895ರಲ್ಲಿ ಬರೆದದ್ದು. ಕೊಂಡು ಒಯ್ದ. ಇವತ್ತು ಅದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ.

ಇದನ್ನು ಓದಿ ಮಗ ಬ್ರಿಟಿಷರನ್ನು ಬೈದ. ನಾನು ಬೈಯಲಿಲ್ಲ, ಬೈಯುವ ಬಾಯಿ ನನಗಿರಲಿಲ್ಲ. ನಮ್ಮ ತವರಿನ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ತಾಳೆಗರಿಯ ಕಟ್ಟುಗಳಿದ್ದವು. ಅಜ್ಜ ತೀರಿಕೊಂಡ ವರ್ಷ ಮಾಳಿಗೆ ಸೋರಿ ಅವು ನೆಂದವು, ಹುಳ ಹಿಡಿದವು. ಬಚ್ಚಲ ಒಲೆಗೆ ಹಾಕು ಎಂದು ಹಿರಿಯರು ಹೇಳಿದರು, ಹತ್ತು ವರ್ಷದ ನಾನು ಒಂದೊಂದೇ ಗರಿ ಹಾಕಿ ನೀರು ಕಾಯಿಸಿದೆ. ಚಟಪಟ ಅನ್ನುತ್ತಿದ್ದದ್ದು ಕೇಳಲು ಮಜವಾಗಿತ್ತು. ಫ.ಗು. ಹಳಕಟ್ಟಿಯವರು ಇಂಥ ಗರಿಗಳಿಗಾಗಿ ಊರೂರು ಅಲೆದರೆಂದು ಮುಂದೆ ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದೆ, ಒಲೆಯ ಮಾತನ್ನು ಯಾರಿಗೂ ಹೇಳಲಿಲ್ಲ. ಅದರಲ್ಲಿ ಏನಿತ್ತೋ, ಬರೀ ಲೆಕ್ಕಪತ್ರವೇ ಇತ್ತೋ! ತಮ್ಮ ಮನೆಯ ಅಟ್ಟಗಳನ್ನು ಒಮ್ಮೆ ನೋಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಅಲ್ಲಿಯ ಒಂದು ಆಚರಣೆಯನ್ನು ಹೇಳಲೇಬೇಕು. ನಾವು ಹೋದಾಗ ಅದರ ಕಾಲವಲ್ಲ, ನಾನು ಕಂಡದ್ದಲ್ಲ. ಈಸ್ಟರ್ ಹಬ್ಬದ ಮುಂಚಿನ ಗುರುವಾರ ಊರಿನ ಚೌಕದಲ್ಲಿ ವೇದಿಕೆ ಹಾಕುತ್ತಾರೆ. ಹನ್ನೆರಡು ಮಂದಿ ಸನ್ಯಾಸಿಗಳು ಕೂರುತ್ತಾರೆ. ಮಠಾಧಿಪತಿ ಮೇಲುಡುಪು ತೆಗೆದಿಟ್ಟು, ಬಗ್ಗಿ, ಒಬ್ಬೊಬ್ಬರ ಪಾದವನ್ನೂ ನೀರು ಹಾಕಿ ತೊಳೆಯುತ್ತಾನೆ. ಊರವರೆಲ್ಲ ಸುತ್ತ ನಿಂತು ನೋಡುತ್ತಾರೆ. ಯೇಸು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ ಅದು. ನಮ್ಮಲ್ಲಿ ಭಕ್ತರು ಗುರುಗಳ ಪಾದ ತೊಳೆಯುವುದು ರೂಢಿ. ಇದನ್ನು ನಾನು ಹೇಳುತ್ತಿರುವಾಗ ಪೂಜ್ಯರು ನಗುತ್ತಿದ್ದಾರೆ, ಆದ್ದರಿಂದ ಧೈರ್ಯವಾಗಿ ಹೇಳಿದೆ.

ಇಳಿಯುವಾಗ ಹತ್ತುವುದಕ್ಕಿಂತ ಕಷ್ಟವಾಯಿತು. ಖೋರಾದ ಕೊನೆಯ ತಿರುವಿನಲ್ಲಿ, ಕರೀ ಬಟ್ಟೆ ತೊಟ್ಟ ಮುದುಕಿಯೊಬ್ಬಳು ತನ್ನ ಮನೆಯ ಮುಂದೆ ಕೂತು ಹಾಸುಗಲ್ಲುಗಳ ಸಂದಿಗೆ ಸುಣ್ಣ ಬಳಿಯುತ್ತಿದ್ದಳು. ಪ್ರತಿ ಕಲ್ಲಿನ ಸುತ್ತ ಒಂದು ಬಿಳೀ ಗೆರೆ, ಅಂಗಳಕ್ಕೆ ರಂಗೋಲಿ ಹಾಕಿದ ಹಾಗೆ. ಮಠದ ಗೋಡೆ ಅಲ್ಲಿಂದ ಹತ್ತು ಮಾರೂ ಇಲ್ಲ. ನನ್ನ ಕುಂಟು ನಡಿಗೆ ನೋಡಿ ಕುಂಚ ಕೆಳಗಿಟ್ಟು, ಒಳಗೆ ಹೋಗಿ, ಒಂದು ಕುರ್ಚಿ ಮತ್ತು ಒಂದು ಲೋಟ ತಣ್ಣೀರು ತಂದಳು. ನನಗೆ ಗ್ರೀಕ್ ಬಾರದು, ಅವಳಿಗೆ ಕನ್ನಡ ಬಾರದು. ತನ್ನ ಮೊಣಕಾಲು ಮುಟ್ಟಿ ತೋರಿಸಿ ನಕ್ಕಳು. ನಾನೂ ನನ್ನದನ್ನು ಮುಟ್ಟಿ ತೋರಿಸಿದೆ. ಹಸಿ ಸುಣ್ಣ ತುಳಿಯದಂತೆ ಕೈಹಿಡಿದು ದಾಟಿಸಿ ಕಳಿಸಿದಳು.

ಹಡಗಿಗೆ ರಾತ್ರಿಯ ತನಕ ಸಮಯವಿತ್ತು, ಸ್ಕಾಲಾದಲ್ಲಿ ಕೂತು ಬರೆದ ಟಿಪ್ಪಣಿ ಇದು. ದಾಸೋಹದ ಹೊತ್ತಾಯಿತು, ಅಡುಗೆಮನೆಯವರನ್ನು ಕಾಯಿಸಬಾರದು.