ಬರ್ಬರರು ಎಲ್ಲಿಂದ ಬಂದವರು?

ಕನ್ನಡದಲ್ಲಿ ‘ಬರ್ಬರ’ ಎಂಬ ಮಾತನ್ನು ನಾವು ಕ್ರೌರ್ಯಕ್ಕೆ ವಿಶೇಷಣವಾಗಿ ಬಳಸುತ್ತೇವೆ. ಸಂಸ್ಕೃತದಿಂದ ಬಂದ ಈ ಪದಕ್ಕೂ ಗ್ರೀಕರ ‘ಬಾರ್ಬರೋಸ್’ ಎಂಬ ಪದಕ್ಕೂ ನಂಟುಂಟು. ತನಗೆ ತಿಳಿಯದ ನುಡಿಯನ್ನು ಆಡುವವನ ಮಾತು ಕಿವಿಗೆ ತೊದಲಿನಂತೆ ಕೇಳಿಸಿತು. ಆ ತೊದಲಿನ ಅನುಕರಣೆಯೇ ಹೆಸರಾಯಿತು. ಉತ್ತರ ಆಫ್ರಿಕದ ಒಂದು ಪ್ರಾಚೀನ ಜನಾಂಗಕ್ಕೆ ಬರ್ಬರರೆಂಬ ಹೆಸರು ಅಂಟಿದ್ದೂ ಇದೇ ಹಾದಿಯಲ್ಲಿ ಎಂಬುದು ಬಹುಮಂದಿ ವಿದ್ವಾಂಸರ ಮತ. ಅವರು ತಮ್ಮನ್ನು ಕರೆದುಕೊಳ್ಳುವುದು ‘ಇಮಾಜಿಘೆನ್’ ಎಂದು. ‘ಸ್ವತಂತ್ರರು’ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಸಹಾರಾ ಮರುಭೂಮಿಯಲ್ಲಿ ಒಂಟೆಗಳೊಡನೆ ಅಲೆದ, ಗಂಡಸರೇ ಮುಸುಕು ಹಾಕಿಕೊಳ್ಳುವ ಟುವಾರೆಗರು ಇವರದೇ ಒಂದು ಕವಲು.

ಇವರು ಎಲ್ಲಿಂದ ಬಂದರು ಎಂಬ ಚರ್ಚೆಗೆ ಎರಡೂವರೆ ಸಾವಿರ ವರ್ಷಗಳ ವಯಸ್ಸಾಗಿದೆ. ಲಿಬಿಯದ ಒಂದು ಪಂಗಡ ತನ್ನನ್ನು ಟ್ರಾಯ್ ನಗರದವರ ಸಂತತಿಯೆಂದು ಹೇಳಿಕೊಳ್ಳುತ್ತದೆಂದು ಗ್ರೀಕರ ಹೆರೊಡೊಟಸ್ ಬರೆದ. ಹರ್ಕ್ಯುಲಿಸನ ಸೇನೆಯಲ್ಲಿದ್ದ ಮೀಡರು, ಪಾರಸಿಕರು, ಅರ್ಮೇನಿಯರು ಸ್ಪೇನಿನಿಂದ ಕಡಲು ದಾಟಿ ಬಂದು ಅಲ್ಲಿಯ ಜನರೊಡನೆ ಬೆರೆತರೆಂದು ರೋಮಿನ ಸಲ್ಲಸ್ಟ್ ಬರೆದ. ಜೋಶುವನಿಗೆ ಹೆದರಿ ಕಾನಾನಿನಿಂದ ಓಡಿಬಂದವರೆಂದು 6ನೆಯ ಶತಮಾನದ ಪ್ರೊಕೋಪಿಯಸ್ ಬರೆದ. ಅರಬ್ ವಂಶಾವಳಿಕಾರರಲ್ಲಿ ಹಲವರು ಯೆಮನಿನ ಹಿಮ್ಯಾರರತ್ತ ಕೈ ತೋರಿಸಿದರು. ಪ್ರತಿಯೊಬ್ಬ ಇತಿಹಾಸಕಾರನೂ ತನ್ನ ಪುರಾಣದಲ್ಲೇ ಇವರಿಗೊಂದು ತವರನ್ನು ಹುಡುಕಿಕೊಟ್ಟನಲ್ಲದೆ, ಇವರು ಇದ್ದಲ್ಲೇ ಇದ್ದವರಾಗಿರಬಹುದೆಂಬ ಯೋಚನೆಗೆ ಹೆಚ್ಚು ಎಡೆಕೊಡಲಿಲ್ಲ.

1332ರಲ್ಲಿ ಟ್ಯೂನಿಸ್‌ನಲ್ಲಿ ಹುಟ್ಟಿದ ಇಬ್ನ್ ಖಲ್ದೂನ್ ಯೆಮನಿನ ಕಥೆಯನ್ನು ತರ್ಕದ ಒರೆಗಲ್ಲಿಗೆ ಹಚ್ಚಿದ. ಮೂರು ಕಡೆ ಕಡಲಿರುವ ನಾಡಿನಿಂದ ಹೊರಟ ದೊಡ್ಡ ಸೇನೆ, ನಡುವಣ ದೇಶಗಳನ್ನು ಗೆಲ್ಲದೆ, ಕಾಳುಕಡ್ಡಿಗೆ ದಾರಿಯಿಲ್ಲದೆ, ಅಷ್ಟು ದೂರ ಹೋದದ್ದು ಹೇಗೆ ಎಂಬುದು ಅವನ ಪ್ರಶ್ನೆ. ಇಷ್ಟು ಕೇಳಿದವನೂ ಕೊನೆಗೆ ಇವರ ಮೂಲಪುರುಷನನ್ನು ಹಾಮನ ಮಗ ಕಾನಾನನ ಸಂತತಿಯಲ್ಲೇ ಕಂಡ.

1830ರಲ್ಲಿ ಅಲ್ಜೀರಿಯಕ್ಕೆ ಕಾಲಿಟ್ಟ ಫ್ರೆಂಚರ ಕಾಲದಲ್ಲಿ ಈ ಚರ್ಚೆ ಅರಸೊತ್ತಿಗೆಯ ಉಪಕರಣವಾಯಿತು. ಬೆಟ್ಟದ ಬರ್ಬರರಲ್ಲಿ ಕೆಲವರ ಬೆಳ್ಳಗಿನ ಮೈ, ನೀಲಿ ಕಣ್ಣು ಕಂಡು, ಇವರು ವ್ಯಾಂಡಲರ ವಂಶ, ಯೂರೋಪಿನ ನಂಟರು ಎಂದವರುಂಟು. ಅರಬರಿಂದ ಇವರನ್ನು ಬೇರ್ಪಡಿಸಲು ಅದು ಅನುಕೂಲವಾಗಿತ್ತು. ಮೊರಾಕ್ಕೊದಲ್ಲಿ 1930ರ ಒಂದು ಶಾಸನ ಬರ್ಬರ ಪ್ರದೇಶಗಳಿಗೆ ಬೇರೆ ನ್ಯಾಯಾಲಯಗಳನ್ನೇ ಕೊಟ್ಟಿತು. ಇದರ ಫಲವನ್ನು ಉಂಡವರು ಬರ್ಬರರೇ: ಸ್ವಾತಂತ್ರ್ಯ ಬಂದ ಮೇಲೆ ಅವರ ನುಡಿಯ ಮಾತೆತ್ತಿದರೆ ಸಾಕು, ನಾಡನ್ನು ಒಡೆಯುವ ಹಂಚಿಕೆಯೆಂಬ ಶಂಕೆ ಬೀಳುತ್ತಿತ್ತು.

ಪುರಾವೆಗಳು ಏನೆನ್ನುತ್ತವೆ? ಮೊದಲನೆಯದು ನುಡಿ. ಬರ್ಬರ ಭಾಷೆಗಳು ಪ್ರಾಚೀನ ಈಜಿಪ್ಟಿನ ಭಾಷೆ, ಅರಬ್ಬೀ, ಹೀಬ್ರೂ, ಹೌಸಾಗಳಿರುವ ಮಹಾಕುಟುಂಬಕ್ಕೆ ಸೇರಿದವು. ಆದರೆ ಯಾವುದರ ಮಗಳೂ ಅಲ್ಲ, ತಾವೇ ಒಂದು ಶಾಖೆ. ಎರಡನೆಯದು ಲಿಪಿ. ಟ್ಯುನಿಶಿಯದ ದುಗ್ಗಾದಲ್ಲಿ ಕ್ರಿಸ್ತಪೂರ್ವ 2ನೆಯ ಶತಮಾನದ ದ್ವಿಭಾಷಾ ಶಾಸನಗಳು ದೊರೆತಿವೆ. ಅವುಗಳಲ್ಲಿನ ಲಿಬಿಯನ್ ಅಕ್ಷರಗಳ ವಾರಸುದಾರ ಲಿಪಿಯೇ ಟುವಾರೆಗರು ಮರಳಿನ ಮೇಲೆ ಬೆರಳಿನಿಂದ ಬರೆದು ಉಳಿಸಿಕೊಂಡ ‘ತಿಫಿನಾಘ್’. ಮೂರನೆಯದು ಮೂಳೆ. ಮೊರಾಕ್ಕೊದ ತಾಫೊರಾಲ್ಟ್ ಗುಹೆಯ ಸುಮಾರು 15,000 ವರ್ಷ ಹಿಂದಿನ ಜನರ ವಂಶವಾಹಿಗಳು 2018ರಲ್ಲಿ ಪ್ರಕಟವಾದವು. ಲಿಬಿಯದ ತಾಕರ್ಕೋರಿಯಲ್ಲಿ, ಸಹಾರಾ ಹಸಿರಾಗಿದ್ದ ಕಾಲದಲ್ಲಿ, ಎಂದರೆ ಸುಮಾರು 7,000 ವರ್ಷಗಳ ಹಿಂದೆ ಬದುಕಿದ್ದ ಇಬ್ಬರು ಹೆಂಗಸರದು 2025ರಲ್ಲಿ. ಇವು ತೋರುವುದು ಉತ್ತರ ಆಫ್ರಿಕದಲ್ಲೇ ಬಹುಕಾಲ ಬಾಳಿದ ಒಂದು ಹಳೆಯ ಜನಧಾರೆಯನ್ನು. ಅದರೊಳಗೆ ಪೂರ್ವದಿಂದ, ಕಡಲಾಚೆಯ ಸ್ಪೇನಿನ ಕಡೆಯಿಂದ, ದಕ್ಷಿಣದಿಂದ ಹೊಸ ನೀರು ಹರಿದುಬಂದಿದೆ. ಬೇರು ಅಲ್ಲಿಯದೇ, ಕಲಬೆರಕೆಯಿಲ್ಲದ ವಂಶ ಮಾತ್ರ ಇಲ್ಲ.

ಟುವಾರೆಗರನ್ನು ಕೇಳಿದರೆ ಅವರು ಮೂಲಪುರುಷನ ಹೆಸರನ್ನಲ್ಲ, ಒಬ್ಬ ತಾಯಿಯ ಹೆಸರನ್ನು ಹೇಳುತ್ತಾರೆ. ಹೊಗ್ಗಾರ್ ಸೀಮೆಯ ಕುಲೀನರು, ಮೊರಾಕ್ಕೊದ ತಾಫಿಲಾಲ್ತ್‌ನಿಂದ ದಾಸಿ ತಕಾಮಾತಳೊಡನೆ ಬಂದ ತಿನ್ ಹಿನಾನ್ ಎಂಬ ರಾಣಿಯ ಸಂತತಿ. ಅಬಲೆಸ್ಸಾದಲ್ಲಿ ಅವಳದೆನ್ನುವ ಸಮಾಧಿಯನ್ನು 1925ರಲ್ಲಿ ಅಗೆದಾಗ, ಚಿನ್ನಬೆಳ್ಳಿಯ ಬಳೆ ತೊಟ್ಟ ಅಸ್ಥಿಪಂಜರ ಸಿಕ್ಕಿತು. ಕಾಲ ಸುಮಾರು 4 ಅಥವಾ 5ನೆಯ ಶತಮಾನ. ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿ ನಮಗೂ ಹೊಸದಲ್ಲ. ನಮ್ಮ ಹೊನ್ನಾವರವನ್ನು ಕಂಡಿದ್ದ ಪ್ರವಾಸಿ ಇಬ್ನ್ ಬತೂತ ಹುಟ್ಟಿನಿಂದ ಬರ್ಬರ ಕುಲದವನೇ. 1352ರಲ್ಲಿ ಸಹಾರಾದ ವಲಾತಾಕ್ಕೆ ಹೋದಾಗ, ಅಲ್ಲಿಯ ಮುಸುಕಿನ ಜನರಲ್ಲಿ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೋಗುವುದನ್ನು ಕಂಡು, ಇಂಥದನ್ನು ಮಲಬಾರಿನಲ್ಲಿ ಮಾತ್ರ ನೋಡಿದ್ದೆನೆಂದು ಹೇಳಿದ್ದಾನೆ. ತುಳುನಾಡಿನ ಅಳಿಯಸಂತಾನವನ್ನು ಬಲ್ಲ ನಾವು ಈ ಹೋಲಿಕೆಯಿಂದ ರಕ್ತಸಂಬಂಧವನ್ನು ಊಹಿಸಹೊರಟರೆ ಹೆರೊಡೊಟಸನ ಕಾಲಕ್ಕೇ ಮರಳಿದಂತಾಗುತ್ತದೆ. ರೂಢಿ ಒಂದಾದ ಮಾತ್ರಕ್ಕೆ ಮೂಲ ಒಂದಾಗದು.

ಆ ರಾಣಿಯ ಕಥೆಯೂ ನಿರುಪದ್ರವಿಯಲ್ಲ. ರಾಣಿಯ ಮಕ್ಕಳು ಕುಲೀನರು, ದಾಸಿಯ ಮಕ್ಕಳು ಕಪ್ಪ ಕೊಡುವವರು ಎಂದು ಅದು ವಿಧಿಸುತ್ತದೆ. ದಕ್ಷಿಣದಿಂದ ಸೆರೆತಂದ ಗುಲಾಮರ ವಂಶದವರು ತಲೆಮಾರುಗಳಿಂದ ಅದೇ ಟುವಾರೆಗ್ ನುಡಿಯನ್ನಾಡಿದರೂ ಅವರಿಗೆ ಈ ವಂಶಾವಳಿಯಲ್ಲಿ ಜಾಗವಿಲ್ಲ. ಹೊರಗಿನವರು ಬರ್ಬರರಿಗೆ ಮಾಡಿದ್ದನ್ನು ಒಳಗಿನವರು ತಮ್ಮವರಿಗೇ ಮಾಡಿದರು.

1980ರ ಮಾರ್ಚಿನಲ್ಲಿ ಅಲ್ಜೀರಿಯದ ತಿಜಿ ಊಜೂ ವಿಶ್ವವಿದ್ಯಾಲಯದಲ್ಲಿ ಕಾದಂಬರಿಕಾರ ಮುಲೂದ್ ಮಮ್ಮೆರಿ ಬರ್ಬರರ ಹಳೆಯ ಕಾವ್ಯವನ್ನು ಕುರಿತು ಉಪನ್ಯಾಸ ಮಾಡಬೇಕಾಗಿತ್ತು. ಸರಕಾರ ತಡೆಯಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಏಪ್ರಿಲಿನಲ್ಲಿ ಪೊಲೀಸರು ವಿಶ್ವವಿದ್ಯಾಲಯಕ್ಕೇ ನುಗ್ಗಿದರು. ಆ ನುಡಿಗೆ ಅಧಿಕೃತ ಸ್ಥಾನ ಮೊರಾಕ್ಕೊದಲ್ಲಿ 2011ರಲ್ಲಿ, ಅಲ್ಜೀರಿಯದಲ್ಲಿ 2016ರಲ್ಲಿ ಬಂತು. ವಿದ್ಯಾರ್ಥಿಗಳು ಅಂದು ಕೇಳಿದ್ದು ತಮ್ಮ ಮೂಲಪುರುಷ ಯಾರೆಂದಲ್ಲ, ತಮ್ಮ ಅಜ್ಜಿಯರ ಹಾಡನ್ನು ತಮ್ಮ ಊರಿನಲ್ಲಿ ಕೇಳಲು ಯಾರ ಅಪ್ಪಣೆ ಬೇಕು ಎಂದು. ಮೂಲದ ಚರ್ಚೆಯನ್ನು ವಿದ್ವಾಂಸರು ಇನ್ನೂ ಮುಂದುವರಿಸಲಿ. ಅದರ ತೀರ್ಪಿಗಾಗಿ ಈ ಹಕ್ಕು ಕಾಯಬೇಕಾಗಿಲ್ಲ.