ಬಸಳೆಗೆ ಬಾಡಿಗೆ ಮನೆಯೂ ಸಾಕು

ಇವತ್ತಿನ ಮಾತು ಬಸಳೆ ಬಗ್ಗೆ.

ಊರು ಬಿಟ್ಟು ಬಂದ ನಮ್ಮಲ್ಲಿ ಎಷ್ಟೋ ಜನ "ಇಲ್ಲಿ ಬಸಳೆ ಸಿಗಲ್ಲ" ಅಂತಾರೆ. ಸಿಗುತ್ತೆ, ಹೆಸರು ಬೇರೆ ಅಷ್ಟೇ. ಮುಂಬೈ, ಪುಣೆಯಲ್ಲಿ ಮಾಯಾಳು ಅಂತ ಕೇಳಿ. ಹೈದರಾಬಾದ್‌ನಲ್ಲಿ ಬಚ್ಚಲಿ ಕೂರ. ಆಂಧ್ರದ ಕರಾವಳಿಯ ಮದುವೆ ಊಟದಲ್ಲಿ ಸುವರ್ಣಗಡ್ಡೆ ಜೊತೆ ಸೇರಿಸಿ 'ಕಂದ ಬಚ್ಚಲಿ' ಮಾಡ್ತಾರೆ. ಚೆನ್ನೈನಲ್ಲಿ ಬರೀ ಪಸಲೈ ಅಂದರೆ ಪಾಲಕ್ ಕೊಟ್ಟಾರು, 'ಕೊಡಿ ಪಸಲೈ' ಅನ್ನಿ. ಕೊಡಿ ಅಂದರೆ ಬಳ್ಳಿ. ದೆಹಲಿಯಲ್ಲಿ ಪೋಯಿ ಸಾಗ್. ಬಂಗಾಳಿಗಳು ಹೆಚ್ಚಿರುವ ಚಿತ್ತರಂಜನ್ ಪಾರ್ಕ್ ಕಡೆ ಹೋದರೆ ಪುಯಿ ಶಾಕ್.

ಕೊಳ್ಳುವಾಗ ದಪ್ಪ ದಂಟು ಇರೋ ಕಟ್ಟನ್ನೇ ತಗೊಳ್ಳಿ. ಎಲೆ ಅಡುಗೆಗೆ, 2 ದಂಟು ಕುಂಡಕ್ಕೆ. ಗೇಣುದ್ದದ ದಂಟಿನ 2 ಗೆಣ್ಣು ಮಣ್ಣೊಳಗೆ ಹೋಗಲಿ. 12 ಇಂಚಿನ ಕುಂಡ ಸಾಕು, ತಳದಲ್ಲಿ ತೂತು ಇರಬೇಕು. ಬೇರು ಹಿಡಿಯೋವರೆಗೆ ನೆರಳು, ಆಮೇಲೆ ಬಿಸಿಲು. ಬಾಲ್ಕನಿ ಗ್ರಿಲ್‌ಗೆ ಒಂದು ಹಗ್ಗ ಕಟ್ಟಿಬಿಡಿ, ಚಪ್ಪರ ಅದೇ. ಕುಡಿ ಚಿವುಟಿದಷ್ಟೂ ಕವಲೊಡೆಯುತ್ತೆ. ಬಸಳೆಗೆ ಸೆಕೆ ಇಷ್ಟ, ಚಳಿ ಆಗಲ್ಲ. ದೆಹಲಿಯವರು ಕಪ್ಪು ಹಣ್ಣಿನ ಬೀಜ ಒಣಗಿಸಿ ಇಟ್ಟುಕೊಳ್ಳಿ. ಚಳಿ ಕಳೆದ ಮೇಲೆ ರಾತ್ರಿಯಿಡೀ ನೆನೆಸಿ ಬಿತ್ತಿ.

ಅಡುಗೆಗೆ ಒಂದು ಮಾತು. ದಂಟು ಎಸೀಬೇಡಿ. ಅದನ್ನು ಮೊದಲು ಬೇಯಿಸಿ, ಎಲೆ ಕೊನೆಗೆ ಹಾಕಿ. ಲೋಳೆ ಇಷ್ಟವಿಲ್ಲದವರು ಹುಣಸೆಹುಳಿ ಸ್ವಲ್ಪ ಮುಂದಾಗಿ ಹಾಕಿ. ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ: ಪುಂಡಿ ಇದ್ದರೆ ಬಸಳೆ, ಸಿಗಡಿ ಇದ್ದರೂ ಬಸಳೆ. ಇದರಲ್ಲಿ ಆಕ್ಸಲೇಟ್ ಇರುತ್ತೆ, ಹಾಗಾಗಿ ಕಿಡ್ನಿ ಕಲ್ಲಿನ ತೊಂದರೆ ಇರೋರು ಡಾಕ್ಟರನ್ನು ಕೇಳಿಯೇ ತಿನ್ನಿ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮ ಮಕ್ಕಳಿಗೆ ಬಸಳೆ ಅಂದರೆ ಬೇಸಿಗೆ ರಜೆಯಲ್ಲಿ ಅಜ್ಜಿ ಮನೇಲಿ ತಿನ್ನೋ ಪದಾರ್ಥ ಆಗಿಬಿಟ್ಟಿದೆ. ಅಜ್ಜಿ ಇರೋವರೆಗೆ ಸರಿ, ಆಮೇಲೆ? "ಸ್ವಂತ ಮನೆ ಆದ್ಮೇಲೆ ಗಿಡ ಹಾಕೋಣ" ಅಂತ ಕಾದರೆ ಮಕ್ಕಳೇ ದೊಡ್ಡವರಾಗಿರ್ತಾರೆ. 11 ತಿಂಗಳ ಅಗ್ರಿಮೆಂಟ್ ಮುಗಿದು ಮನೆ ಬದಲಿಸಿದರೂ ಚಿಂತೆಯಿಲ್ಲ. ಕುಂಡ ಪಕ್ಕದ ಮನೆಯವರಿಗೆ ಕೊಡಿ. ಒಂದು ದಂಟು ಮುರಿದು, ಒದ್ದೆ ಪೇಪರಲ್ಲಿ ಸುತ್ತಿ ಬ್ಯಾಗಿಗೆ ಹಾಕ್ಕೊಳ್ಳಿ.